ಬರೀ ‘ಓದ್ಲು’ ಅಂದರೆ

ಹೊಸ ಸೀರೆಯ ಗಂಜಿ ವಾಸನೆಯೂ ಸಾಂಬ್ರಾಣಿ ಹೊಗೆಯೂ ಒಟ್ಟಿಗೆ ಮೂಗಿಗೆ ಹತ್ತುವುದು ಹಿರಿಯರ ಹಬ್ಬದ ದಿನ ಮಾತ್ರ. ಈ ಸಲ ನನ್ನ ಸೊಸೆ ಎಡೆಯ ಮುಂದೆ ತೀರಿಕೊಂಡ ನಮ್ಮತ್ತೆಯ ಹೆಸರಿನ ಸೀರೆ ಇಟ್ಟು, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದಳು. ನನಗೆ ಅತ್ತೆ ನೆನಪಾಗಬೇಕಿತ್ತು. ಆಗಲಿಲ್ಲ. ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ನೆನಪಾದಳು...

ಅರಕಲಗೂಡಿನ ಕಡೆಯ ಹಳ್ಳಿಯವಳು. ಹಾಸನಕ್ಕೆ ಬಂದು ನಮ್ಮ ಮಹಡಿಯಲ್ಲಿ ಒಬ್ಬಳೇ ಇದ್ದಳು. ಆಫೀಸು ಗೀಫೀಸು ಏನಿಲ್ಲ, ಮನೆಯಲ್ಲೇ ಕೂತು ದಿನವೆಲ್ಲ ಲ್ಯಾಪ್‌ಟಾಪ್ ಕುಟ್ಟುತ್ತಿದ್ದಳು. ಆ ಟಕಟಕ ನನ್ನ ಅಡುಗೆಮನೆಗೆ ಕೇಳುತ್ತಿತ್ತು. ಅದೇನು ಕೆಲಸ ಎಂದು ಒಂದು ದಿನ ಕೇಳಿಯೇಬಿಟ್ಟೆ. ಹಳೇ ಮನೆಗಳ ಫೋಟೊ, ಆ ಮನೆಯವರು ಆಡಿದ ಮಾತು ಎಲ್ಲ ಕೂಡಿಹಾಕಿ, ಯಾರಿಗೆ ಯಾರು ಏನಾಗಬೇಕು ಎಂದು ಕಂಪ್ಯೂಟರಿಗೆ ಕಲಿಸುವುದಂತೆ. ಆಂಟಾಲಜಿ ಅಂದಳು. ನನ್ನ ಕಿವಿಗೆ ‘ಅಂಟು’ ಅನ್ನುವುದಷ್ಟೇ ಬಿತ್ತು. ನಂಟಿನ ಕೆಲಸ ತಾನೆ, ಹೆಸರು ಸರಿಯಾಗೇ ಇದೆ ಅಂದುಕೊಂಡೆ.

‘ಒಂದೊಂದನ್ನೂ ನಾವೇ ಹೇಳ್ತಾ ಕೂರಕ್ಕಾಗಲ್ಲ ಅಜ್ಜಿ. ಇವಳು ಅವನ ಅಕ್ಕ, ಅವನಿಗೊಬ್ಬಳು ಮಗಳವಳೆ ಅಂತ ಹೇಳಿದ್ರೆ, ಇವಳು ಆ ಮಗೀಗೆ ಸೋದರತ್ತೆ ಅಂತ ಅದೇ ತಿಳ್ಕೋಬೇಕು. ಅದಕ್ಕೆ ರೂಲ್ ಬರೀತೀನಿ ನಾನು.’

‘ಅಷ್ಟೂ ಗೊತ್ತಾಗ್ದಿರೋ ಮಿಷನ್ನು ಎಂಥ ಮಿಷನ್ನೆ?’

‘ಹುಟ್ಟಿದಾಗ ನಿಮಗೂ ಗೊತ್ತಿರ್ಲಿಲ್ವಲ್ಲ.’

ಬಾಯಿ ಜೋರು. ಹಾಗಾಗಿಯೇ ನನಗೆ ಹಿಡಿಸಿದಳು.

ಆ ಮಿಷನ್ನಿನದು ಒಂದು ಗುಣ ಅವಳಿಗೆ ಬಹಳ ಇಷ್ಟ. ಹೇಳದೇ ಇದ್ದದ್ದನ್ನು ಅದು ‘ಇಲ್ಲ’ ಅನ್ನುವುದಿಲ್ಲವಂತೆ, ‘ಗೊತ್ತಿಲ್ಲ’ ಎಂದು ಸುಮ್ಮನಿರುತ್ತದಂತೆ. ಅದರಲ್ಲಿ ಮೆಚ್ಚುವುದೇನಿದೆ ಎಂದು ನನಗೆ ಆಮೇಲೆ ತಿಳಿಯಿತು. ಅವಳು ಚಿಕ್ಕವಳಿದ್ದಾಗಲೇ ಅವಳವ್ವ ಮನೆ ಬಿಟ್ಟು ಹೋಗಿದ್ದಳಂತೆ. ಯಾಕೆ, ಯಾರ ಜೊತೆ, ಗೊತ್ತಿಲ್ಲ. ಮಾನದ ವಿಷಯ ಎಂದು ಅಪ್ಪನನ್ನು ಕೇಳಿಯೇ ಇರಲಿಲ್ಲ. ಅವ್ವನ ತವರು ಹೊಳೆನರಸೀಪುರದ ಕಡೆ. ಆ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗಲೆಲ್ಲ ಆ ವಯಸ್ಸಿನ ಹೆಂಗಸರ ಮುಖ ನೋಡುತ್ತಿದ್ದಳಂತೆ. ಒಂದು ಫೋಟೊ ಕೂಡ ಇಲ್ಲದ ಮುಖವನ್ನು ಏನೆಂದು ಹುಡುಕುತ್ತಿದ್ದಳೋ...

‘ಸಿಕ್ರೆ ಏನಂತೀಯ?’ ಎಂದು ಕೇಳಿದ್ದೆ.

‘ನನ್ನ ಬಿಟ್ಟು ಯಾಕೋದೆ ಅಂತೀನಿ,’ ಅಂದಿದ್ದಳು.

ತಾನು ಬರೆದ ರೂಲ್ ಸರಿಯಿದೆಯೋ ಇಲ್ಲವೋ ನೋಡಲು ಅವಳು ತನ್ನ ಮನೆಯವರನ್ನೇ ಕಂಪ್ಯೂಟರಿಗೆ ಹಾಕಿದ್ದಳು. ಅಪ್ಪ ಮನೆ ಕತೆ ಹೇಳಿದ್ದನ್ನು ಫೋನಿನಲ್ಲಿ ಹಿಡಿದು ತಂದಿದ್ದಳು. ‘ಇವಳವ್ವ ಓದ್ಲು, ಆಮೇಕೆ ನಮ್ಮವ್ವನೇ ಇವಳ್ನ ಸಾಕುದ್ಲು’ ಎಂದಿದ್ದ ಅವನು. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ, ಹೋದ್ಲು ಅನ್ನುವುದು ಓದ್ಲು ಆಗುತ್ತದೆ. ಕಂಪ್ಯೂಟರು ಅವಳವ್ವನನ್ನು ಓದು ಕಲಿತವರ ಗುಂಪಿಗೆ ಸೇರಿಸಿತ್ತು.

‘ಹೆಬ್ಬೆಟ್ಟೊತ್ತೋಳ್ನ ಓದಿಸ್ಬುಟ್ಟೈತೆ ನೋಡಿ ಅಜ್ಜಿ,’ ಎಂದು ನಕ್ಕು ನಕ್ಕು ಹೇಳಿದಳು. ನಾನೂ ನಕ್ಕೆ.

ಓದ್ಲು ಅನ್ನುವುದನ್ನು ಹೋದ್ಲು ಎಂದು ತಿದ್ದಿದಳು. ಆಗ ಇನ್ನೊಂದು ಗಂಟು ಬಿತ್ತು. ಊರಿಗೆ ಹೋದರೂ ಹೋದ್ರು, ಸತ್ತರೂ ಹೋದ್ರು. ಎಲ್ಲ ಮನೆಯವರ ಮಾತಿನಲ್ಲೂ ಹೀಗೇ ಇದೆ, ಯಾವುದು ಯಾವುದೆಂದು ಹೇಗೆ ತಿಳಿಯುತ್ತೀರಿ ಎಂದು ನನ್ನ ಮುಂದೆ ಬಂದು ಕೂತಳು. ನಾನು ಹುರುಳಿ ಆರಿಸುತ್ತಿದ್ದೆ. ತಲೆ ಎತ್ತದೆ ಹೇಳಿದೆ.

‘ಎಲ್ಗೆ ಅಂತ ಏಳುದ್ರೆ ಓಗಿರೋದು. ಎಲ್ಗೂ ಅನ್ದೆ ಬರೀ ಓದ್ಲು ಅಂದ್ರೆ ಸತ್ತಿರೋದು ಕಣ್ ಮಗ.’

‘ಅಬ್ಬ, ಎಷ್ಟು ಚೊಕ್ಕವಾಗಿ ಹೇಳಿದ್ರಿ,’ ಎಂದು ಮೆಟ್ಟಿಲು ಹತ್ತಿ ಓಡಿದಳು. ಟಕಟಕ ಶುರುವಾಯಿತು. ನಿಂತಿತು. ಎಷ್ಟು ಹೊತ್ತಾದರೂ ಮತ್ತೆ ಕೇಳಲಿಲ್ಲ.

ಆಮೇಲೆ ಕೆಳಗೆ ಬಂದಳು. ಲ್ಯಾಪ್‌ಟಾಪನ್ನು ತುಂಬಿದ ತಟ್ಟೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದಳು.

‘ಅಜ್ಜಿ, ನಮ್ಮವ್ವನ್ನ ಸತ್ತೋರ ಜೊತೆಗೆ ಹಾಕ್ತು.’

ನಾನು ಹುರುಳಿ ಬದಿಗಿಟ್ಟೆ. ‘ಇರಿಯರ ಅಬ್ಬಕ್ಕೆ ನಿಮ್ಮನೇಲಿ ಎಷ್ಟು ಸೀರೆ ಮಡಗ್ತಾರೆ?’

‘ಎರಡು. ಒಂದು ಮುತ್ತಜ್ಜಿಗೆ.’

‘ಇನ್ನೊಂದು?’

ಅವಳನ್ನು ಸಾಕಿದ ಅಜ್ಜಿ ಊರಿನಲ್ಲಿ ಇನ್ನೂ ಗಟ್ಟಿಯಾಗಿದ್ದಳು. ಆ ಮನೆಯಲ್ಲಿ ಹೋದ ಹೆಂಗಸು ಮತ್ಯಾರೂ ಇರಲಿಲ್ಲ. ವರ್ಷಾ ವರ್ಷ ಆ ಸೀರೆಯ ಮುಂದೆ ಇವಳೂ ಕೈ ಮುಗಿದಿದ್ದಳು, ಯಾರದ್ದೆಂದು ಕೇಳಿರಲಿಲ್ಲ.

‘ರೂಲ್ ತೆಗೆದಾಕ್ಬುಡ್ಲಾ ಅಜ್ಜಿ?’

‘ತೆಗುದ್ರೆ ಅವಳು ಬತ್ತಾಳಾ?’

ಒರಟಾಯಿತೇನೋ. ಬೇರೆ ಏನು ಹೇಳಬೇಕಿತ್ತು? ಅವಳು ಅಲ್ಲೇ ಕೂತು ಏನೋ ಒತ್ತಿದಳು. ರೂಲ್ ತೆಗೆದರೆ ಅದರಿಂದ ಕಂಡುಕೊಂಡದ್ದೂ ಅಳಿಸಿಹೋಗುತ್ತದಂತೆ. ಅವಳವ್ವ ಮತ್ತೆ ಗೊತ್ತಿಲ್ಲದವರ ಜೊತೆ ಹೋಗಿ ನಿಂತಳು.

‘ಇದು ಮರೀತು ಅಜ್ಜಿ. ನಾನೇನ್ ಮಾಡ್ಲಿ?’ ಅಂದಳು.

ಮಾರನೆಯ ದಿನ ಬಸ್ಸು ಹತ್ತಿ ಊರಿಗೆ ಹೋಗಿ ಅಪ್ಪನನ್ನು ಕೇಳಿದಳು. ಎರಡನೇ ಹೆರಿಗೆ. ಕೂಸೂ ಉಳಿದಿರಲಿಲ್ಲ. ವಾಪಸು ಬಂದವಳು ಅಪ್ಪ ಅಂದದ್ದನ್ನು ಅಪ್ಪನ ಹಾಗೆಯೇ ಹೇಳಿ ತೋರಿಸಿದಳು. ‘ನಿಂಗ್ ಗೊತ್ತಿರ್ನಿಲ್ವಾ ಮಗ? ಓದ್ಲು ಅಂತ ಅವತ್ತೇ ಏಳಿದ್ನಲ್ಲ.’ ಅವನು ಮುಚ್ಚಿಟ್ಟಿರಲಿಲ್ಲ. ಇವಳಿಗೆ ತಿಳಿದಿದೆ ಎಂದೇ ನಂಬಿದ್ದ.

‘ಇನ್ ಮೇಲೆ ಮುಖ ನೋಡೋದು ಬಿಡ್ಬೇಕು. ಇವತ್ತೂ ಬಸ್ ಸ್ಟ್ಯಾಂಡಲ್ಲಿ ನೋಡ್ದೆ... ಕಣ್ಣು ಹೇಳಿದ ಮಾತು ಕೇಳಲ್ಲ ಅಜ್ಜಿ,’ ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಸ್ವಲ್ಪ ದಿನಕ್ಕೆ ಮನೆ ಖಾಲಿ ಮಾಡಿದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೊದಮೊದಲು ಫೋನು ಮಾಡುತ್ತಿದ್ದಳು. ಆಮೇಲೆ ಆ ನಂಬರಿಗೆ ಮಾಡಿದರೆ ಬೇರೆ ಯಾರೋ ಎತ್ತಿದರು. ಮಹಡಿ ಖಾಲಿ ಬಿದ್ದಿದೆ. ಮೇಲಿನಿಂದ ಆಗಾಗ ಟಕಟಕ ಕೇಳುತ್ತದೆ. ನಲ್ಲಿ ಸೋರುವುದು, ನನಗೆ ಗೊತ್ತು. ಆದರೂ ಸೌಟು ಹಿಡಿದ ಕೈ ನಿಲ್ಲುತ್ತದೆ.

ಎಡೆ ಇಟ್ಟ ಮೇಲೆ ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಕೂರುವುದು ನಮ್ಮಲ್ಲಿ ವಾಡಿಕೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಈ ಸಲವೂ ಜಗಲಿಯ ಮೇಲೆ ಕೂತಿದ್ದೆವು. ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಸೊಸೆ ಮಹಡಿಯ ಕಡೆ ನೋಡಿ ಕೇಳಿದಳು.

‘ಅತ್ತೆ, ಮೇಲಿದ್ದ ಉಡುಗಿ ಏನಾದ್ಲು?’

‘ಓದ್ಲು ಕಣೆ,’ ಅಂದೆ.

ಅಂದ ಮೇಲೆ ಅದು ನನ್ನ ಕಿವಿಗೇ ಕೇಳಿಸಿತು. ಸೊಸೆ ಗಾಬರಿಯಾಗಿ ನನ್ನ ಕಡೆ ತಿರುಗಿದಳು.

‘ಊರ್ಗೆ,’ ಅಂದೆ. ‘ಊರ್ಗೆ ಓದ್ಲು.’

ಯಾವ ಊರೋ ನನಗೇನು ಗೊತ್ತು. ಒಂದು ಊರು ಎಂದು ಸೇರಿಸಿದೆ, ಅಷ್ಟೆ.