ದೊಡ್ಡಮ್ಮ ಬೈಯಲಾರದ ಕಾರು

ನಮ್ಮ ದೊಡ್ಡಪ್ಪ ದೊಡ್ಡಮ್ಮನಷ್ಟು ಅನ್ಯೋನ್ಯವಾದ ಜೋಡಿ ಇಡೀ ಬೀದಿಯಲ್ಲಿ ಇನ್ನೊಂದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಆ ಮನೆಯಿಂದ ಒಂದು ದಿನವಾದರೂ ಜೋರು ಮಾತು ಕೇಳಿದ್ದುಂಟೇ ಎಂದು ಎದುರು ಮನೆಯಾಕೆ ತನ್ನ ಸೊಸೆಗೆ ಬುದ್ಧಿ ಹೇಳುವಾಗ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅವರಿಬ್ಬರೂ ದಿನಾ ಜಗಳವಾಡುತ್ತಿದ್ದರು. ಕಾರಿನಲ್ಲಿ ಆಡುತ್ತಿದ್ದರು, ಅಷ್ಟೆ.

ಅವರದು ಪರದೆಯ ಕಸುಬು. ದೊಡ್ಡಮ್ಮ ಹೊಲಿಯುವುದು, ದೊಡ್ಡಪ್ಪ ಏಣಿ ಹತ್ತಿ ರಾಡ್ ಕೂರಿಸಿ ನೇತುಹಾಕುವುದು. ಕೆಳಗೆ ನಿಂತು "ಎಡಗಡೆ ಇಳಿದಿದೆ, ಸ್ವಲ್ಪ ಎತ್ತಿ" ಅನ್ನಲು ದೊಡ್ಡಮ್ಮನೇ ಬೇಕು. ಆದ್ದರಿಂದ ಎಲ್ಲಿಗೆ ಹೋದರೂ ಇಬ್ಬರೂ ಒಟ್ಟಿಗೇ. ಮನೆಯಲ್ಲೂ ಬಾಗಿಲಿರಬೇಕಾದ ಕಡೆಯೆಲ್ಲ ಗಿರಾಕಿಗಳು ಬೇಡವೆಂದ ಪರದೆಗಳೇ ತೂಗುತ್ತಿದ್ದವು. ಹೊಲಿಗೆ ಯಂತ್ರದ ಪಕ್ಕದ ಮಂಚದ ಮೇಲೆ ಅಜ್ಜಿ, ಅಂದರೆ ದೊಡ್ಡಪ್ಪನ ತಾಯಿ. ಸೊಂಟ ಮುರಿದು ವರ್ಷಗಟ್ಟಲೆ ಮಲಗಿದಲ್ಲೇ ಇದ್ದರೂ ಅವರ ಕಿವಿ ಮಾತ್ರ ಬಲು ಚುರುಕು. ಅಡುಗೆಮನೆಯಲ್ಲಿ ದೊಡ್ಡಮ್ಮ ನಿಟ್ಟುಸಿರು ಬಿಟ್ಟರೆ ಸಾಕು, "ಏನಾಯ್ತೇ?" ಎಂದು ಮಂಚದಿಂದಲೇ ಕೇಳುತ್ತಿದ್ದರು. ಅವರನ್ನು ಮಗ್ಗುಲು ಹೊರಳಿಸುವುದು, ಮೈ ಒರೆಸುವುದು, ತುತ್ತು ತಿನ್ನಿಸುವುದು ಎಲ್ಲವೂ ದೊಡ್ಡಮ್ಮನ ಕೈಯಲ್ಲೇ; ಇಬ್ಬರೂ ಕೆಲಸಕ್ಕೆ ಹೋದಾಗ ಮಾತ್ರ ಎದುರು ಮನೆಯಾಕೆ ಬಂದು ಕೂರುತ್ತಿದ್ದರು. ಅಂಥ ಮನೆಯಲ್ಲಿ ಮನಸ್ಸು ಬಿಚ್ಚಿ ಜಗಳವಾಡುವುದಾದರೂ ಹೇಗೆ?

ಅದಕ್ಕೆ ಡೀಸೆಲ್ ಕಾರಿತ್ತು. ಅದನ್ನು ಸ್ಟಾರ್ಟ್ ಮಾಡಿದರೆ ಕಿಟಕಿಯ ಗಾಜಿನಿಂದ ಹಿಡಿದು ನಮ್ಮ ಹಲ್ಲಿನವರೆಗೆ ಎಲ್ಲವೂ ಗಡಗಡ ಅದುರುತ್ತಿತ್ತು. ಬೀದಿಯ ತಿರುವು ದಾಟಿದ್ದೇ ತಡ, ದೊಡ್ಡಮ್ಮ ರಸ್ತೆಯನ್ನೇ ನೋಡುತ್ತಾ ಶುರು ಹಚ್ಚಿಕೊಳ್ಳುವರು. ದೊಡ್ಡ ಕೆಲಸವಿದ್ದಾಗ ಬಟ್ಟೆಯ ಗಂಟು ಹಿಡಿದು ಅವರ ಹಿಂದೆಯೇ ಕೂರುತ್ತಿದ್ದ ನನಗೆ ಅಲ್ಲೊಂದು ಇಲ್ಲೊಂದು ಮಾತು ಕಿವಿಗೆ ಬೀಳುತ್ತಿತ್ತು: "ಕಲ್ಲು... ಕಲ್ಲಿಗಾದ್ರೂ..." ದೊಡ್ಡಪ್ಪನೂ ಸುಮ್ಮನಿರುತ್ತಿರಲಿಲ್ಲ, ಸ್ಟೀರಿಂಗ್ ಹಿಡಿದುಕೊಂಡೇ ಏನೇನೋ ಹೇಳುತ್ತಿದ್ದರು. ಬೈಗುಳಕ್ಕೆ ಬೈಗುಳ ಎಂದು ನಾನು ಅಂದುಕೊಂಡಿದ್ದೆ. ಒಬ್ಬರದು ಒಬ್ಬರಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಗಿರಾಕಿಯ ಮನೆ ಮುಂದೆ ಇಳಿಯುವಾಗ ಇಬ್ಬರ ಮುಖವೂ ಸ್ನಾನ ಮಾಡಿ ಬಂದವರ ಹಾಗೆ ಹಗುರಾಗಿರುತ್ತಿತ್ತು.

ಹೋದ ವರ್ಷ ಅಜ್ಜಿ ತೀರಿಕೊಂಡರು. ಮನೆಯಲ್ಲಿ ಬಾಯಿ ಬಿಡಲು ಈಗ ಅಡ್ಡಿಯಿರಲಿಲ್ಲ, ಆದರೆ ಇಬ್ಬರಿಗೂ ಅಭ್ಯಾಸವೇ ತಪ್ಪಿಹೋಗಿತ್ತು. ಅಷ್ಟರಲ್ಲಿ ಡೀಸೆಲ್ ಕಾರಿನ ಹೊಗೆ ಎಷ್ಟು ಹೆಚ್ಚಿತೆಂದರೆ, ದೊಡ್ಡ ದೊಡ್ಡ ಅಪಾರ್ಟ್‌ಮೆಂಟಿನ ಕಾವಲುಗಾರರು ಅದನ್ನು ದೂರದಿಂದ ಕಂಡೇ ಗೇಟು ಹಾಕಿಕೊಳ್ಳತೊಡಗಿದರು. ಬೇರೆ ಕಾರು ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಸಿಕ್ಕಿದ್ದು ಹಲ್ಲಿನ ಡಾಕ್ಟರೊಬ್ಬರು ಓಡಿಸಿ ಬಿಟ್ಟ ಹೈಬ್ರಿಡ್ ಕಾರು. ಪೆಟ್ರೋಲೂ ಬ್ಯಾಟರಿಯೂ ಸೇರಿ ಓಡುವಂಥದು. ಉದ್ದನೆಯ, ಮುತ್ತಿನ ಬಣ್ಣದ, ಮಂತ್ರಿಗಳು ಇಳಿದು ಬರಬೇಕು ಅನ್ನಿಸುವ ಗಾಡಿ. ಹಳೇ ಬ್ಯಾಟರಿ ಕೈಕೊಟ್ಟೀತೆಂಬ ಭಯಕ್ಕೆ ಯಾರೂ ಮುಟ್ಟಿರಲಿಲ್ಲವಾದ್ದರಿಂದ ನಮ್ಮ ಕೈಗೆ ಎಟುಕಿತು. ದೊಡ್ಡಮ್ಮ ಇಂಜಿನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ಹಿಂದಿನ ಸೀಟಿನ ಚರ್ಮದ ಹೊಲಿಗೆಯ ಮೇಲೆ ಬೆರಳಾಡಿಸಿ, "ನೆಟ್ಟಗೆ ಹೊಲಿದಿದಾರೆ, ತಗೊಳ್ಳಿ" ಎಂದರು. ದೊಡ್ಡಪ್ಪ ಒಳಗೆ ಕೂತು ಗುಂಡಿ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಮತ್ತೊಮ್ಮೆ.

"ಆನ್ ಆಗಿತ್ತು ಸಾರ್, ನೀವೇ ಆಫ್ ಮಾಡಿದ್ರಿ. ಈಗ ಮತ್ತೆ ಆನ್ ಆಗಿದೆ" ಎಂದರು ಡಾಕ್ಟರು.

"ಆಗಿದ್ರೆ ಹೇಳಬಾರದೇನ್ರೀ ಅದು?" ಎಂದು ದೊಡ್ಡಪ್ಪ ಕಾರಿನ ಮೇಲೇ ರೇಗಿದರು.

ಕಾರಿನ ಮೇಲೆ ಏಣಿ ಕಟ್ಟಿ ಮೊದಲ ಸಲ ಹೊರಟಾಗಲೂ ಹಿಂದೆ ನಾನಿದ್ದೆ. ತಿರುವು ದಾಟಿತು. ದೊಡ್ಡಮ್ಮ ರಸ್ತೆಯತ್ತ ನೋಡಿ, ಉಸಿರೆಳೆದುಕೊಂಡು, "ನಿಮ್ಮಂಥವರು..." ಎಂದರು. ಆ ಮಾತು ಕಾರಿನ ತುಂಬಾ ಖಣಖಣ ಕೇಳಿಸಿಬಿಟ್ಟಿತು. ಅವರೇ ಬೆಚ್ಚಿಬಿದ್ದರು.

"ನಿಮ್ಮಂಥವರು... ಸೀಟ್ ಬೆಲ್ಟ್ ಹಾಕ್ಕೋಬೇಕು."

"ಹಾಕ್ಕೊಂಡಿದೀನಲ್ಲೇ" ಎಂದರು ದೊಡ್ಡಪ್ಪ. ಆಮೇಲೆ ಇಬ್ಬರ ಬಾಯಿಗೂ ಬೀಗ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಅವತ್ತು ಒಂದೇ ದಿನ. ಬರಬರುತ್ತಾ ಅದು ನಗುವ ವಿಷಯವಾಗಿ ಉಳಿಯಲಿಲ್ಲ. ಕಾರಿನಲ್ಲಿ ಹೊರಗೆ ಹೋಗಬೇಕಾದ ಸಿಟ್ಟೆಲ್ಲ ದೊಡ್ಡಮ್ಮನ ಹೊಟ್ಟೆಯಲ್ಲೇ ಕುದಿಯತೊಡಗಿತು. ಪಾತ್ರೆ ಕುಕ್ಕುವುದು, ಕತ್ತರಿ ಎಸೆಯುವುದು. ಆ ಕಾರು ತಮ್ಮ ಮೈಗೆ ಒಗ್ಗುವುದಿಲ್ಲ ಎಂದು ಬಸ್ಸಿನಲ್ಲಿ ಹೋಗಿ ಗಿರಾಕಿಯ ಮನೆ ಸೇರುತ್ತಿದ್ದರು. ಕೊನೆಗೆ ಅದನ್ನೂ ಬಿಟ್ಟರು. ದೊಡ್ಡಪ್ಪ ಒಬ್ಬರೇ ಹೋಗಿ ಪರದೆಗಳನ್ನು ಸೊಟ್ಟಗೆ ಹಾಕಿ ಬರುತ್ತಿದ್ದರು. ಏಣಿ ಇಳಿದು ನೋಡುವುದು, ಮತ್ತೆ ಹತ್ತುವುದು. ಆ ವಯಸ್ಸಿನಲ್ಲಿ ಅದನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು.

"ನನ್ನ ತಂಗಿ ಅವಳ ಊರಲ್ಲಿ ಟೈಲರಿಂಗ್ ಅಂಗಡಿ ಇಡ್ತಾಳಂತೆ. ಅಲ್ಲಿಗೆ ಹೋಗ್ಬಿಡ್ತೀನಿ ಕಣೆ" ಎಂದು ಒಂದು ದಿನ ದೊಡ್ಡಮ್ಮ ನನ್ನ ಹತ್ತಿರ ಹೇಳಿದರು.

"ದೊಡ್ಡಪ್ಪ?"

"ಇರ್ಲಿ ಬಿಡು. ನಾನು ಇದ್ರೇನು, ಹೋದ್ರೇನು ಅವರಿಗೆ."

ಇದು ಬಾಯಿ ಮಾತಲ್ಲ ಎಂದು ನನಗೆ ಗೊತ್ತಾಯಿತು. ಹೋಗುವುದಾದರೆ ಹೋಗಲಿ, ಮೊದಲೇ ಒಪ್ಪಿಕೊಂಡಿದ್ದ ಒಂದು ಶಾಲೆಯ ಸಭಾಂಗಣದ ಪರದೆಯನ್ನು ಹಾಕಿಸಿಕೊಟ್ಟೇ ಹೋಗಲಿ ಎಂದು ಕಾಡಿ ಬೇಡಿ ಅವರನ್ನು ಕಾರಿಗೆ ಹತ್ತಿಸಿದೆ. ಕೆಂಪು ಮಖಮಲ್ಲಿನ ಆ ರಾಶಿಯ ಕೆಳಗೆ ಕುತ್ತಿಗೆವರೆಗೆ ಹೂತುಹೋಗಿ ನಾನೂ ಹಿಂದೆ ಕೂತೆ. ಇಬ್ಬರೂ ಕಲ್ಲಿನ ಹಾಗೆ ಕೂತಿದ್ದರು. ರೈಲ್ವೆ ಗೇಟು ಹಾಕಿತ್ತು. ಕಾರು ನಿಂತ ಕೂಡಲೇ ಇದ್ದ ಚೂರುಪಾರು ಸದ್ದೂ ಅಡಗಿ, ನನ್ನ ಉಸಿರು ನನಗೇ ಕೇಳಿಸತೊಡಗಿತು.

ಆ ಮೌನ ತಡೆಯಲಾರದೆ ದೊಡ್ಡಪ್ಪ ಹೇಳಬಾರದ ಮಾತನ್ನೇ ಹೇಳಿದರು. "ಅಮ್ಮ ಇದ್ದಿದ್ರೆ ಈ ಕಾರಲ್ಲಿ ಮಲಗಿಸ್ಕೊಂಡೇ ಕರ್ಕೊಂಡು ಹೋಗ್ಬಹುದಿತ್ತು."

"ಯಾರು ಮಲಗಿಸ್ತಿದ್ರು? ನೀವಾ?" ದೊಡ್ಡಮ್ಮ ಕೆರಳಿದರು. "ಅಷ್ಟು ವರ್ಷ ಎತ್ತಿದ್ದು ಯಾರು, ಇಳಿಸಿದ್ದು ಯಾರು? ಎದುರು ಮನೆಯವರು ಹೊಗಳಿದ್ರು, ಅತ್ತೇನ ನೋಡ್ತಿದ್ದ ಡಾಕ್ಟ್ರು ಹೊಗಳಿದ್ರು, ಸಾಯೋ ಮುಂಚೆ ಅತ್ತೆ ಕೂಡ ನನ್ನ ಕೈ ಹಿಡ್ಕೊಂಡು ಹೇಳಿದ್ರು. ನೀವು? ಒಂದು ಒಳ್ಳೆ ಮಾತು? ಒಂದೇ ಒಂದು?"

ದೊಡ್ಡಪ್ಪ ಅವರ ಕಡೆ ತಿರುಗಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು.

"ಹೇಳಿದೀನಲ್ಲೇ."

"ಯಾವಾಗ?"

"ದಿನಾ."

"ಎಲ್ಲಿ?"

"ಆ ಗಾಡೀಲಿ. ಹೋಗ್ತಾನೂ ಹೇಳ್ತಿದ್ದೆ, ಬರ್ತಾನೂ ಹೇಳ್ತಿದ್ದೆ."

"ನಂಗೆ ಒಂದು ದಿನಾನೂ ಕೇಳಿಸ್ಲಿಲ್ವಲ್ರೀ!"

"ನೀನು ಬೈತಾ ಇರ್ತಿದ್ಯಲ್ಲ" ಎಂದರು ದೊಡ್ಡಪ್ಪ ಮೆಲ್ಲಗೆ. "ಅದಕ್ಕೇ ಇರ್ಬೇಕು."

ನಗು ಬಂತೋ ಅಳು ಬಂತೋ ತಿಳಿಯದೆ ನಾನು ಮಖಮಲ್ಲಿನೊಳಗೆ ಮುಖ ಮುಚ್ಚಿಕೊಂಡೆ. ರೈಲು ಹೋಯಿತು, ಗೇಟು ಎದ್ದಿತು. ಹಿಂದಿನವರೆಲ್ಲ ಹಾರ್ನ್ ಬಾರಿಸತೊಡಗಿದರು. ದೊಡ್ಡಪ್ಪ ಕಾರನ್ನು ಕದಲಿಸಲಿಲ್ಲ.

"ಏನಂತ ಹೇಳ್ತಿದ್ರಿ?" ದೊಡ್ಡಮ್ಮನ ದನಿ ಇಳಿದಿತ್ತು.

ದೊಡ್ಡಪ್ಪ ಸ್ಟೀರಿಂಗ್ ನೋಡಿದರು, ರಸ್ತೆ ನೋಡಿದರು. "ನಮ್ಮಮ್ಮನಿಗೆ ನಾನು ಹೆಸರಿಗೆ ಮಗ. ಮಗ ಮಾಡೋದನ್ನೆಲ್ಲಾ ನೀನು ಮಾಡಿದೆ. ನೀನು ಇಲ್ದಿದ್ರೆ ಅಮ್ಮನೂ ಇರ್ತಿರ್ಲಿಲ್ಲ, ನಾನೂ ಇರ್ತಿರ್ಲಿಲ್ಲ ಅಂತ."

ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಈ ಹಾರ್ನ್ ಗಲಾಟೇಲಿ ಸರಿಯಾಗಿ ಕೇಳಿಸ್ಲಿಲ್ಲ ನಂಗೆ. ಇನ್ನೊಂದ್ಸಲ ಹೇಳಿ" ಎಂದರು.

ಪ್ರತಿ ಅಕ್ಷರವೂ ಕೇಳಿಸಿತ್ತು. ಅದು ನನಗೂ ಗೊತ್ತು, ದೊಡ್ಡಪ್ಪನಿಗೂ ಗೊತ್ತಿತ್ತು. ಅವರು ಕಿಟಕಿಯ ಗಾಜನ್ನು ಪೂರ್ತಿ ಏರಿಸಿ, ಮೊದಲಿನಿಂದ ಹೇಳತೊಡಗಿದರು.