ಸಾಲಿನ ಮುಂದಿನ ಅಂಕಿ

“ಅಮ್ಮಾ, ಮೇಲಿನ ಮನೆ ಹೊಲಿಗೆ ಟೀಚರ್ ಮೆಟ್ಟಿಲ ಮೇಲೆ ಒಬ್ರೇ ನಗ್ತಾ ಇದಾರೆ. ಅವ್ರಿಗೆ ಏನಾಯ್ತು?”

ಐದು ವರ್ಷದ ಮಗಳ ಪ್ರಶ್ನೆಗೆ ಕೆಳಮನೆಯ ತಾಯಿ ಬಾಯಿ ತೆರೆಯುವ ಮೊದಲೇ ಟೀಚರ್ ಬಾಗಿಲಿಗೆ ಬಂದು, ಚಪ್ಪಲಿ ಬಿಡುತ್ತಲೇ ಹೇಳಲು ಶುರುಮಾಡಿದರು.

ಹದಿನೆಂಟು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಕಾಜಾ ಹಾಕುವುದು, ಅಂಚು ಮಡಿಚುವುದು ಕಲಿಸಿದವರಿಗೆ ಈ ವರ್ಷ ಕಂಪ್ಯೂಟರ್ ಪಾಠ ಗಂಟುಬಿದ್ದಿತ್ತು. ಅದನ್ನು ಕಲಿಸುತ್ತಿದ್ದವರು ಬೇರೆ ಕೆಲಸ ಹಿಡಿದು ಹೋದಾಗ, “ಮೆಷಿನ್ ಮುಂದೆ ಕೂತು ಅಭ್ಯಾಸ ಇರೋದು ನಿಮಗೊಬ್ರಿಗೇ” ಎಂದು ಹೆಡ್‌ಮೇಡಂ ಕೋಣೆಯ ಬೀಗದ ಕೈ ಕೊಟ್ಟುಬಿಟ್ಟಿದ್ದರು. “ಕಂಪ್ಯೂಟರಿಗೂ ದಾರ ಪೋಣಿಸ್ತೀಯಾ?” ಎಂದು ಗಂಡನ ಕುಚೋದ್ಯ ಬೇರೆ.

ಮಕ್ಕಳು ನಲವತ್ತಮೂರು, ನಡೆಯುವ ಯಂತ್ರ ಆರು. ಒಬ್ಬ ಕೀಲಿ ಒತ್ತಿದರೆ ಉಳಿದವರು ಮೊಣಕೈ ತಿವಿಯುತ್ತಿದ್ದರು. ಪ್ರೋಗ್ರಾಂ ಎಂದರೆ ಅರ್ಥವಾಗದ ಇಂಗ್ಲಿಷ್ ಸಾಲುಗಳ ಬಾಯಿಪಾಠ. ಟೀಚರೂ ಮಕ್ಕಳಿಗಿಂತ ಒಂದೇ ಪುಟ ಮುಂದೆ. ಕೊನೆಗೆ ಹೆಡ್‌ಮೇಡಂ ಗಡುವು ಕೊಟ್ಟರು: “ಶುಕ್ರವಾರ ಬರ್ತೀನಿ. ಮಕ್ಕಳು ತಾವೇ ಒಂದಾದ್ರೂ ಪ್ರೋಗ್ರಾಂ ಮಾಡಿ ತೋರಿಸ್ಬೇಕು. ಇಲ್ಲಾಂದ್ರೆ ಈ ಪೀರಿಯಡ್ ಗಣಿತಕ್ಕೆ.”

ಇಂದು ಗುರುವಾರ. ಹುಟ್ಟಿದ ವರ್ಷ ಕೇಳಿ ವಯಸ್ಸು ಹೇಳುವ ಪ್ರೋಗ್ರಾಂ. ಬೋರ್ಡ್ ನೋಡಿ ಬರೆದುಕೊಂಡಿದ್ದನ್ನು ಮಕ್ಕಳು ಚಾಚೂ ತಪ್ಪದೆ ಒತ್ತಿದರು. ಆರೂ ಪರದೆಯ ಮೇಲೆ ಕೆಂಪು ಅಕ್ಷರ: ತಪ್ಪು! ಟೀಚರ್ ಬಿಟ್ಟುಹೋದ ಹೊಲಿಗೆ ಹುಡುಕುವವರಂತೆ ಬಗ್ಗಿ ಒಂದೊಂದೇ ಅಕ್ಷರ ನೋಡಿದರು. ಪ್ರತಿ ಸಾಲಿನ ಮುಂದೆಯೂ ಒಂದು, ಎರಡು, ಮೂರು...

“ಈ ಅಂಕಿ ಯಾಕ್ರೋ ಒತ್ತಿದ್ರಿ?”

“ನೀವೇ ಬೋರ್ಡ್ ಮೇಲೆ ಬರೆದಿದ್ರಲ್ಲಾ ಟೀಚರ್!”

ಹೌದಲ್ಲ! ‘ಮೂರನೇ ಸಾಲು ನೋಡಿ’ ಎನ್ನಲು ಸುಲಭವಾಗಲೆಂದು ತಾವೇ ಹಾಕಿದ ಗುರುತು. ಪಾಪ, ಯಂತ್ರಕ್ಕೇನು ಗೊತ್ತು?

“ತಪ್ಪು ನಂದೇ ಕಣ್ರೋ.”

ಹಿಂದಿನಿಂದ ಒಂದು ದನಿ: “ಹಾಗಾದ್ರೆ ಟೀಚರ್ ಬೆಂಚ್ ಮೇಲೆ ನಿಂತ್ಕೋಬೇಕು!” ನಗುವೋ ನಗು. ಅಂಕಿ ಅಳಿಸಿದ್ದೇ ತಡ, ಆರೂ ಯಂತ್ರಗಳು ಹುಟ್ಟಿದ ವರ್ಷ ಕೇಳಿದವು.

ಅಲ್ಲಿಂದ ಮಕ್ಕಳನ್ನು ಹಿಡಿಯುವವರೇ ಇಲ್ಲ. ಟೀಚರೇ ತಪ್ಪು ಮಾಡಬಹುದಾದರೆ ನಮಗೇನು ಭಯ ಎಂದು ಸಾಲು ಅದಲುಬದಲು ಮಾಡಿ ನೋಡಿದರು. ಒಬ್ಬಳು ಕಳೆಯುವ ಚಿಹ್ನೆ ತೆಗೆದು ಕೂಡುವ ಚಿಹ್ನೆ ಹಾಕಿ ಕಿರುಚಿದಳು: “ಟೀಚರ್‌ಗೆ ನಾಲ್ಕು ಸಾವಿರ ವರ್ಷ!” ಇನ್ನೊಬ್ಬ ವರ್ಷದ ಜಾಗದಲ್ಲಿ ತನ್ನ ಹೆಸರು ಒತ್ತಿದ, ಪ್ರೋಗ್ರಾಂ ಅಲ್ಲೇ ಕುಸಿಯಿತು. ಗಂಟೆ ಹೊಡೆದರೂ ಏಳದೆ, ಪುಸ್ತಕ ತಿರುವಿ, ಜಗಳವಾಡಿ, ‘ಅಂಕಿ ಮಾತ್ರ ಒತ್ತಿ’ ಎಂದು ಯಂತ್ರವೇ ಹೇಳುವ ಹಾಗೆ ಮಕ್ಕಳೇ ಮಾಡಿದರು. ಟೀಚರ್ ಕೀಲಿಮಣೆಗೆ ಬೆರಳೂ ಸೋಕಿಸಲಿಲ್ಲ.

“ಈಗ ಒಂದೇ ಚಿಂತೆ ಕಣಮ್ಮ,” ಎಂದರು ಟೀಚರ್, ತಾಯಿಯ ಕೈ ಹಿಡಿದು. “ಹುಡುಗ್ರಿಗೆ ಎಲ್ಲಿ ಏನು ಒತ್ತಬೇಕು ಅಂತ ಗೊತ್ತಾಗ್ಬಿಟ್ಟಿದೆ. ಏನೂ ಗೊತ್ತಿಲ್ಲದವ್ರು ಕೂತ್ರೂ ಪ್ರೋಗ್ರಾಂ ಕುಸಿಯಲ್ಲ ಅಂತ ಹೆಡ್‌ಮೇಡಂಗೆ ತೋರಿಸ್ಬೇಕು. ನಾಳೆ ಮೂರನೇ ಪೀರಿಯಡ್‌ಗೆ ಮಗಳನ್ನೂ ಕರ್ಕೊಂಡು ಬಂದ್ಬಿಡು. ಎಲ್ರ ಎದುರಿಗೆ ಕೂತು ಕೈಗೆ ಸಿಕ್ಕಿದ್ದನ್ನ ಒತ್ತು. ದಮ್ಮಯ್ಯ, ಸರಿಯಾಗಿ ಮಾತ್ರ ಒತ್ತಬೇಡ!”