ರೂಪೇಶರ ಎಲೆಗೆ ಚಾಕೊಲೇಟ್ ಪೈ

ನನ್ನ ಅತ್ತೆಯ ಹೆಸರು ಅಪ್ಪಿ, ವಯಸ್ಸು ಅರವತ್ತೊಂಬತ್ತು. ವಾಮಂಜೂರಿನಲ್ಲಿ ಗದ್ದೆ ಇದ್ದ ಕಾಲದಲ್ಲಿ ಮುಂದೆ ನಿಂತು ಹತ್ತು ಹೆಂಗಸರಿಂದ ನಾಟಿ ಮಾಡಿಸಿದವರು. ಗದ್ದೆ ಹೋಗಿ ಅಲ್ಲಿ ಹಾಸ್ಟೆಲ್ ಕಟ್ಟಡ ಎದ್ದರೂ ಆ ಗಟ್ಟಿ ದನಿ ಹೋಗಲಿಲ್ಲ. ಒಮ್ಮೆ ಬೇಡ ಎಂದರೆ ಬೇಡವೇ.

ನನ್ನ ಗಂಡ ರೂಪೇಶ್ ಮಸ್ಕತ್‌ನ ಹೋಟೆಲೊಂದರಲ್ಲಿ ಕೇಕು, ಪೈ ಮಾಡುತ್ತಿದ್ದರು. ದೀಪಾವಳಿಗೆ ರಜೆಯಲ್ಲಿ ಬಂದಾಗಲೆಲ್ಲ ಮನೆಯ ಒವನ್‌ನಲ್ಲಿ ಚಾಕೊಲೇಟ್ ಪೈ ಬೇಯಿಸುತ್ತಿದ್ದರು. ನಾವೆಲ್ಲ ಬಾಯಿ ಚಪ್ಪರಿಸಿ ತಿಂದರೆ ಅತ್ತೆ ಮುಟ್ಟುತ್ತಿರಲಿಲ್ಲ.

"ಎಂತ ಅದು, ಕಾವಲಿಯ ಮಸಿಯ ಹಾಗೆ? ನನಗೆ ಬೇಡ."

"ಒಂದೇ ತುಂಡು ಅಮ್ಮ," ಎಂದು ರೂಪೇಶ್ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಎಂಟು ವರ್ಷ ಹೀಗೇ ಆಯಿತು. ಕಳೆದ ಫೆಬ್ರವರಿಯಲ್ಲಿ ಅವರು ಮಸ್ಕತ್‌ನಲ್ಲೇ ಎದೆನೋವಿನಿಂದ ತೀರಿಕೊಂಡರು.

ದೀಪಾವಳಿಗೆ ನಮ್ಮಲ್ಲಿ ತೀರಿಹೋದವರಿಗೆ ಬಡಿಸುವ ಕ್ರಮವಿದೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಗೆ ಹಾಕಿ, ಬಾಗಿಲೆಳೆದು, ಸ್ವಲ್ಪ ಹೊತ್ತು ಹೊರಗೆ ಕಾಯಬೇಕು. ಅವರು ಉಂಡ ಮೇಲೆಯೇ ನಮ್ಮ ಊಟ. ಅದಕ್ಕೆ ಮೊದಲು ಅಡುಗೆ ಮಾಡುವವರು ಉಪ್ಪು ಕೂಡ ನೋಡುವ ಹಾಗಿಲ್ಲ.

"ಅವನ ಎಲೆಗೆ ಆ ಪೈ ಆಗಬೇಕು," ಎಂದರು ಅತ್ತೆ ಈ ಸಲ. "ನಾನೇ ಮಾಡ್ತೇನೆ. ಪ್ರಣೀತಾ, ಅವನು ಬರೆದಿಟ್ಟದ್ದನ್ನು ನೀನು ಓದಿ ಹೇಳಿದರೆ ಸಾಕು."

ನನಗೆ ಸಿಟ್ಟು ಬಂತು. ಮಗ ಇದ್ದಾಗ ಒಂದು ತುಂಡು ತಿನ್ನದವರು ಈಗ ಯಾರಿಗೆ ಮಾಡುವುದು ಎಂದು ಕೇಳಬೇಕೆನಿಸಿತು. ಆದರೂ ಸಾಮಾನಿನ ಪಟ್ಟಿ ಬರೆದುಕೊಟ್ಟೆ. ರೂಪೇಶರ ಅಣ್ಣ ಕೌಶಲ್ ಬಿಜೈಯ ಅಂಗಡಿಗೆ ಹೋಗಿ ಕೋಕೋ, ಬೆಣ್ಣೆ, ಕ್ರೀಮ್ ತಂದರು.

ಹಬ್ಬದ ಬೆಳಿಗ್ಗೆ ರೂಪೇಶರ ನೋಟ್‌ಬುಕ್ ಹಿಡಿದು ಒಂದೊಂದೇ ಸಾಲು ಓದಿದೆ. ಅತ್ತೆ ಮೈದಾಕ್ಕೆ ಬೆಣ್ಣೆ ಸೇರಿಸಿ, ಚಪಾತಿಯ ಹಾಗೆ ಲಟ್ಟಿಸಿ, ತಟ್ಟೆಗೆ ಹಾಸಿದರು. ಕ್ರೀಮಿಗೆ ಕೋಕೋ, ಮೊಟ್ಟೆ ಹಾಕಿ ಕದಡಿದರು. ಒಂದು ಸಾಲಿಗೆ ಬರುವಾಗ ನನ್ನ ಕಣ್ಣು ತುಂಬಿತು. ಓದಲಾಗದೆ ಕೆಳಗಿನ ಸಾಲಿಗೆ ಹೋದೆ, ಮತ್ತೆ ಹಿಂದೆ ಬರಲು ಮರೆತೆ. ಬೇರೆ ದಿನವಾಗಿದ್ದರೆ ಅತ್ತೆ ಒಂದು ಹನಿ ನಾಲಿಗೆಗಿಟ್ಟು ತಪ್ಪು ಹಿಡಿಯುತ್ತಿದ್ದರು.

ಮಧ್ಯಾಹ್ನ ಕೋಳಿ ಸಾರು, ಬಂಗುಡೆಯ ಜೊತೆ ಪೈಯನ್ನೂ ಎಲೆಗೆ ಬಡಿಸಿದೆವು. ಬಾಗಿಲು ತೆರೆದ ಮೇಲೆ ಅತ್ತೆ ಆ ಎಲೆಯಿಂದಲೇ ಒಂದು ತುಂಡು ತೆಗೆದು ಬಾಯಿಗಿಟ್ಟರು. ನಾವೂ ತಿಂದೆವು. ಬಾಯಿಡೀ ಕಹಿ.

ಅತ್ತೆ ಹೇಗೋ ನುಂಗಿ, ಇನ್ನೊಂದು ಚೂರೂ ತಿಂದರು. "ಇಷ್ಟು ಕಹಿಯಾ? ಇದನ್ನಾ ಅವನು ಅಷ್ಟು ಆಸೆಯಲ್ಲಿ ಕೊಡ್ತಿದ್ದದ್ದು?"

"ಹೌದಮ್ಮ, ಇದು ಹೀಗೇ," ಎಂದರು ಕೌಶಲ್, ನನ್ನ ಮುಖ ನೋಡುತ್ತ.

ಆ ಸುಳ್ಳನ್ನು ಹಾಗೇ ಬಿಡಬಹುದಿತ್ತು. ತಿನ್ನದೆ ಕಳೆದುಕೊಂಡದ್ದು ಏನೂ ಇಲ್ಲವೆಂದು ಅತ್ತೆಗೆ ಸಮಾಧಾನವಾಗುತ್ತಿತ್ತು. ಆದರೆ ನನ್ನ ಗಂಡನ ಕೈರುಚಿ ಇಷ್ಟೇ ಎಂದು ಹೆತ್ತ ತಾಯಿ ತಿಳಿಯುವುದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಇಲ್ಲ ಅತ್ತೆ. ಸಕ್ಕರೆ ಹಾಕಲಿಲ್ಲ. ಆ ಸಾಲು ನಾನು ಓದಲಿಲ್ಲ. ಅವರದ್ದು ತುಂಬಾ ಒಳ್ಳೆದಿರ್ತಿತ್ತು."

"ಯಾಕೆ ಓದಲಿಲ್ಲ?"

ನೋಟ್‌ಬುಕ್ ತಂದು ಓದಿದೆ. "ಸಕ್ಕರೆ ಒಂದು ಕಪ್. ಅಮ್ಮ ತಿಂತೇನೆ ಅಂತ ಹೇಳಿದ ವರ್ಷ ಮುಕ್ಕಾಲು ಸಾಕು, ಅವರಿಗೆ ಶುಗರ್ ಉಂಟು."

ಅತ್ತೆ ಎಲೆಯ ಎದುರು ಕುಳಿತು ಅತ್ತರು. ಮಗನ ದೇಹ ಬಂದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ನಾನೂ ಪಕ್ಕದಲ್ಲಿ ಕುಳಿತೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು.

ತುಂಬಾ ಹೊತ್ತಿನ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದರು, "ಕೋಕೋ ಇನ್ನೂ ಉಂಟಾ?"

"ಉಂಟು."

"ನಾಳೆ ಪುನಃ ಮಾಡುವ. ಸಕ್ಕರೆ ಮುಕ್ಕಾಲೇ ಹಾಕು."